ಸಣ್ಣ ಕಾರ್ಡಿಗೆ ದೊಡ್ಡ ಕಾರ್ಡಿನ ವೇಷ

ಅಗ್ಗದ ಗ್ರಾಫಿಕ್ಸ್ ಕಾರ್ಡನ್ನು ಓವರ್‌ಕ್ಲಾಕ್ ಮಾಡಿ ದುಬಾರಿ ಕಾರ್ಡಿನ ಹಾಗೆ ಓಡಿಸೋದು ತಪ್ಪಾ? ಕಂಪನಿಗೆ ಮೋಸ ಅಂತಾರೆ ಕೆಲವರು. ಬಿಟ್ಟಿ ಸಿಕ್ಕಿದ್ದನ್ನು ಬಿಡೋದ್ಯಾಕೆ ಅಂತಾರೆ ಇನ್ನು ಕೆಲವರು. ನನಗೆ ಎರಡೂ ಒಪ್ಪಿಗೆಯಿಲ್ಲ.

ಮೊದಲು ಮೋಸದ ಮಾತು. 2010ರ ಡಿಸೆಂಬರಿನಲ್ಲಿ ಎಎಂಡಿ ಎರಡು ಕಾರ್ಡ್ ಬಿಟ್ಟಿತು. ರೇಡಿಯಾನ್ ಎಚ್‌ಡಿ 6950ಕ್ಕೆ 299 ಡಾಲರ್, 6970ಕ್ಕೆ 369. ಎರಡರೊಳಗೂ ಇದ್ದದ್ದು ಒಂದೇ ಕೇಮನ್ ಚಿಪ್! ದೊಡ್ಡದರಲ್ಲಿ 1536 ಷೇಡರ್, 880 ಮೆಗಾಹರ್ಟ್ಸ್. ಚಿಕ್ಕದರಲ್ಲಿ 1408 ಷೇಡರ್, 800 ಮೆಗಾಹರ್ಟ್ಸ್. ತಯಾರಾದ ಚಿಪ್ಪೆಲ್ಲ ಒಂದೇ ಗುಣದ್ದಾಗಿರಲ್ಲ. ಒಂದು ಮೂಲೆ ಕೆಟ್ಟಿದ್ದರೆ ಅದನ್ನು ಮುಚ್ಚಿ ಅಗ್ಗದ ಹೆಸರಲ್ಲಿ ಮಾರ್ತಾರೆ. ಅಗ್ಗದ್ದಕ್ಕೇ ಗಿರಾಕಿ ಜಾಸ್ತಿಯಾದಾಗ ಚೆನ್ನಾಗಿರೋ ಚಿಪ್ಪಿಗೂ ಬೀಗ ಬೀಳುತ್ತೆ. ಬಯಾಸ್ ಬದಲಿಸಿ ಆ ಬೀಗ ತೆಗೆದವರು ಆಗ ಬಹಳ ಜನ. ತೆಗೆಯಲು ಹೋಗಿ ಪರದೆ ತುಂಬ ಚುಕ್ಕಿ ಕಂಡವರೂ ಇದ್ದರು. ದುಡ್ಡು ಕೊಟ್ಟು ತಂದ ಮೇಲೆ ವಸ್ತು ನಮ್ಮದು. ವಾರಂಟಿ ಹೋದರೆ ಆ ನಷ್ಟವೂ ನಮ್ಮದೇ :)

ಇನ್ನು ಬಿಟ್ಟಿ ಅನ್ನೋ ಮಾತು. ಕ್ಲಾಕ್ ಏರಿದಷ್ಟೂ ವಿದ್ಯುತ್ ಬೇಕು. ವೋಲ್ಟೇಜ್ ಏರಿಸಿದರೆ ಅದರ ವರ್ಗಕ್ಕೆ ತಕ್ಕಷ್ಟು ಬೇಕು. ಎರಡನ್ನೂ ಶೇ. 10 ಏರಿಸಿದರೆ ಬಿಸಿ ಸುಮಾರು ಶೇ. 33 ಹೆಚ್ಚು! ಚಳಿ ದೇಶದಲ್ಲಿ ಯಾರೋ ಪರೀಕ್ಷಿಸಿ ಬರೆದ ಅಂಕಿಯನ್ನು ಏಪ್ರಿಲ್ ತಿಂಗಳ ಹೊಸಪೇಟೆಯಲ್ಲಿ, 40 ಡಿಗ್ರಿ ಬಿಸಿಲಲ್ಲಿ, ಹಾಗೇ ಹಾಕಿದರೆ ಹೇಗೆ? ವೋಲ್ಟೇಜ್ ಮುಟ್ಟಬೇಡಿ. ಒಂದೊಂದು ಸಲಕ್ಕೆ 25 ಮೆಗಾಹರ್ಟ್ಸ್ ಏರಿಸಿ, ಅರ್ಧ ಗಂಟೆ ಓಡಿಸಿ ನೋಡಿ, ಅದೂ ನಡುಮಧ್ಯಾಹ್ನ.

ನಮ್ಮ ಟಿ.ಬಿ. ಡ್ಯಾಮನ್ನೇ ನೋಡಿ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೇ ಗೇಟು ಕೊಚ್ಚಿಹೋಯಿತು. 2025ರ ಮಳೆಗಾಲದಲ್ಲಿ, 105 ಟಿಎಂಸಿ ಹಿಡಿಯೋ ಜಲಾಶಯದಲ್ಲಿ 80ಕ್ಕೇ ನಿಲ್ಲಿಸೋ ತೀರ್ಮಾನವಾಯಿತು, ಹಳೇ ಗೇಟುಗಳ ಮೇಲೆ ಭಾರ ಬೀಳದಿರಲಿ ಅಂತ. ಕಾಗದದ ಮೇಲಿನ ಶಕ್ತಿ ಬೇರೆ, ಇವತ್ತು ತಡೆಯೋ ಶಕ್ತಿ ಬೇರೆ. ಕಾರ್ಡಿಗೂ ಇದೇ ಲೆಕ್ಕ.

ನನ್ನ ನಿಜವಾದ ತಕರಾರು ಬೇರೆ ಕಡೆ ಇದೆ. ಎರಡು ವರ್ಷ ಹೀಗೆ ಹಿಂಡಿದ ಕಾರ್ಡನ್ನು "ಹೊಸದರ ಹಾಗಿದೆ" ಅಂತ ಸೆಕೆಂಡ್ ಹ್ಯಾಂಡ್ ಮಾರ್ತಾರಲ್ಲ, ಅದು! ಕೊಳ್ಳೋನು ಎಷ್ಟೋ ಸಲ ಹಬ್ಬದ ಕಾಸು ಕೂಡಿಟ್ಟ ಕಾಲೇಜು ಹುಡುಗ. ಕಂಪನಿಗೆ ಮೋಸ ಆಯ್ತೋ ಇಲ್ವೋ, ಹೇಳದೆ ಮಾರಿದರೆ ಇವನಿಗಂತೂ ಆಯ್ತು. ಏರಿಸಿ, ಬೇಡ ಅನ್ನಲ್ಲ. ಮಾರೋವಾಗ ಮಾತ್ರ ಎಷ್ಟು ಏರಿಸಿದ್ದೆ ಅಂತ ಹೇಳಿಬಿಡಿ.

ನೀವೇನಂತೀರಿ?