ನಮ್ಮವರ ನಾಲಿಗೆಗೆ ಬೇರೆಯೇ ತಕ್ಕಡಿ ಇದೆಯೇ?

ಅಮೇರಿಕದ ಅಧ್ಯಕ್ಷೀಯ ಚುನಾವಣೆಗೂ ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿಗೂ ಏನು ಸಂಬಂಧ? 2024ರ ನವೆಂಬರ್ ಮೊದಲ ವಾರದಲ್ಲಿ ಅಲ್ಲಿನ ಚಹಾದಂಗಡಿಯ ಬೆಂಚಿನಲ್ಲಿ ಕುಳಿತವರಿಗೆ ಈ ಪ್ರಶ್ನೆ ಅಸಂಬದ್ಧವೆನಿಸುತ್ತಿರಲಿಲ್ಲ. ನವೆಂಬರ್ 5ರಂದು ಅಮೇರಿಕದಲ್ಲಿ ಮತದಾನ. ಅದಾಗಿ ಎಂಟೇ ದಿನಕ್ಕೆ, ನವೆಂಬರ್ 13ರಂದು, ಇದೇ ಜಿಲ್ಲೆಯ ಚನ್ನಪಟ್ಟಣದಲ್ಲಿ ವಿಧಾನಸಭಾ ಉಪಚುನಾವಣೆ. ಒಂದು ಮೊಬೈಲಿನಲ್ಲಿ ಟ್ರಂಪ್ ಮತ್ತು ಕಮಲಾ ಹ್ಯಾರಿಸ್, ಇನ್ನೊಂದರಲ್ಲಿ ಸಿ.ಪಿ. ಯೋಗೇಶ್ವರ್ ಮತ್ತು ನಿಖಿಲ್ ಕುಮಾರಸ್ವಾಮಿ. ಟ್ರಂಪ್ ಅವರ ಸುಳ್ಳುಗಳನ್ನು ನೋಡಿ ಕೆಂಡವಾಗುತ್ತಿದ್ದ ನಮ್ಮ ಕೆಲವು ಯುವಕರು, ಚನ್ನಪಟ್ಟಣದ ಭಾಷಣದ ತುಣುಕೊಂದು ಬಂದೊಡನೆ ಕೇಕೆ ಹಾಕಿ ನಕ್ಕರು. ಆ ನಗುವಿನ ಬಗ್ಗೆ ಬರೆಯಲು ನಮಗೆ ಸಂಕೋಚವಿದೆ. ಆದರೆ ಬರೆಯದಿರುವುದು ಸಮುದಾಯಕ್ಕೆ ಬಗೆಯುವ ದ್ರೋಹವಾದೀತು.

ಮೊದಲು ಅಮೇರಿಕದ ಮಾತು. 2024ರ ಸೆಪ್ಟೆಂಬರ್ 10ರ ಚರ್ಚೆಯಲ್ಲಿ ಟ್ರಂಪ್ ಅವರು, ಒಹಾಯೋ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ವಲಸಿಗರು ಜನರ ಸಾಕುನಾಯಿ, ಬೆಕ್ಕುಗಳನ್ನು ತಿನ್ನುತ್ತಿದ್ದಾರೆಂದರು. ನಂಬಲರ್ಹವಾದ ಒಂದೇ ಒಂದು ವರದಿಯೂ ಇಲ್ಲವೆಂದು ಆ ನಗರದ ಅಧಿಕಾರಿಗಳು ಹೇಳಿದ್ದರೂ ಮಾತು ನಿಲ್ಲಲಿಲ್ಲ. ಪರಿಣಾಮವಾಗಿ ಅಲ್ಲಿನ ಶಾಲೆಗಳಿಗೆ ಬಾಂಬ್ ಬೆದರಿಕೆಗಳು ಬಂದುವು. ಅದೇ ಚುನಾವಣೆಯಲ್ಲಿ ಫ್ಯೂಚರ್ ಕೊಯಲಿಷನ್ ಪ್ಯಾಕ್ ಎಂಬ ಒಂದೇ ಸಂಘಟನೆ ಎರಡು ಬಗೆಯ ಜಾಹೀರಾತುಗಳನ್ನು ಹಂಚಿತು. ಮಿಷಿಗನ್‌ನ ಮುಸ್ಲಿಮ್ ಪ್ರದೇಶಗಳಲ್ಲಿ ಹ್ಯಾರಿಸ್ ಇಸ್ರೇಲಿನ ಪರಮ ಮಿತ್ರೆ. ಪೆನ್ಸಿಲ್ವೇನಿಯಾದ ಯಹೂದಿ ಪ್ರದೇಶಗಳಲ್ಲಿ ಅದೇ ಹ್ಯಾರಿಸ್ ಫೆಲೆಸ್ತೀನಿಯರ ಓಲೈಕೆಗಾರ್ತಿ! ಇತ್ತ ಡೆಮಾಕ್ರಟಿಕ್ ಪಕ್ಷವೂ ಸಾಚಾ ಆಗಿರಲಿಲ್ಲ. ಗಾಝಾದ ಮೇಲೆ ಬಾಂಬು ಸುರಿಯುತ್ತಿದ್ದ ದಿನಗಳಲ್ಲೇ ನಡೆದ ತನ್ನ ಷಿಕಾಗೋ ಸಮಾವೇಶದಲ್ಲಿ ಓರ್ವ ಫೆಲೆಸ್ತೀನ್ ಮೂಲದ ಪ್ರಜೆಗೆ ಮಾತಾಡಲು ಕೆಲವು ನಿಮಿಷ ಕೊಡಲೂ ಅದು ಒಪ್ಪಲಿಲ್ಲ. ಕೊನೆಗೆ ಅರಬ್ ಮೂಲದವರೇ ಬಹುಸಂಖ್ಯೆಯಲ್ಲಿರುವ ಡಿಯರ್‌ಬಾರ್ನ್ ನಗರದಲ್ಲಿ ಟ್ರಂಪ್ ಮುನ್ನಡೆ ಪಡೆದರು.

ಇವೆಲ್ಲವನ್ನೂ ನಾವು ಖಂಡಿಸಿದೆವು. ಸರಿಯಾಗಿಯೇ ಖಂಡಿಸಿದೆವು. ಆದರೆ ಅದೇ ವಾರ ಚನ್ನಪಟ್ಟಣದಲ್ಲಿ ಏನಾಯಿತು?

ಮತದಾನಕ್ಕೆ ಕೆಲವೇ ದಿನಗಳಿದ್ದಾಗ, ರಾಜ್ಯದ ವಕ್ಫ್ ಸಚಿವರಾಗಿದ್ದ ಝಮೀರ್ ಅಹ್ಮದ್ ಖಾನ್ ಅವರು ಕಾಂಗ್ರೆಸ್ ಪರ ಪ್ರಚಾರ ಭಾಷಣದಲ್ಲಿ ಕೇಂದ್ರ ಸಚಿವ ಎಚ್.ಡಿ. ಕುಮಾರಸ್ವಾಮಿಯವರನ್ನು 'ಕಾಲಿಯಾ' ಎಂದು ಕರೆದರು. ಬಿಜೆಪಿಗಿಂತಲೂ ಈ ಕಾಲಿಯಾ ಅಪಾಯಕಾರಿ ಎಂಬುದು ಅವರ ಮಾತಿನ ಸಾರ. ಮಾತು ಉರ್ದುವಿನಲ್ಲಿತ್ತು, ಸಭಿಕರಲ್ಲಿ ನಮ್ಮವರಿದ್ದರು, ನಕ್ಕವರೂ ನಮ್ಮವರೇ. ವಿವಾದವೆದ್ದಾಗ ಸಚಿವರು, ತಾವು ಹಿಂದಿನಿಂದಲೂ ಅವರನ್ನು ಪ್ರೀತಿಯಿಂದ ಹಾಗೆ ಕರೆಯುತ್ತಿದ್ದುದಾಗಿಯೂ ಅವರು ತಮ್ಮನ್ನು 'ಕುಳ್ಳ' ಎನ್ನುತ್ತಿದ್ದುದಾಗಿಯೂ ಸಮಜಾಯಿಷಿ ನೀಡಿ, ನೋವಾಗಿದ್ದರೆ ಕ್ಷಮೆಯಿರಲಿ ಎಂದರು. ಇಬ್ಬರು ಹಳೆಯ ಒಡನಾಡಿಗಳು ಎಂಬುದು ನಿಜ. 2006ರಲ್ಲಿ ಮುಖ್ಯಮಂತ್ರಿಯಾದ ಕುಮಾರಸ್ವಾಮಿಯವರ ಸಂಪುಟದಲ್ಲಿ ಝಮೀರ್ ಮಂತ್ರಿಯಾಗಿದ್ದವರು. ಆದರೆ ಮನೆಯೊಳಗಿನ ತಮಾಷೆ ಬೇರೆ, ಮತ ಕೇಳುವ ವೇದಿಕೆ ಬೇರೆ. ವೇದಿಕೆಯಿಂದ ಬಂದ ಆ ಶಬ್ದ ಪ್ರೀತಿಯದ್ದಾಗಿರಲಿಲ್ಲ; ಎದುರಾಳಿಯನ್ನು ಅವನ ಚರ್ಮದ ಬಣ್ಣದಿಂದ ಕುಗ್ಗಿಸುವ ಶಬ್ದವಾಗಿತ್ತು. ಅಮೇರಿಕದ ವೇದಿಕೆಯೊಂದರಲ್ಲಿ ಯಾರಾದರೂ ಈ ಮಾತನ್ನಾಡಿದ್ದರೆ ನಾವು ಅದಕ್ಕೆ ವರ್ಣಭೇದ ಎಂಬ ಹೆಸರನ್ನೇ ಇಡುತ್ತಿದ್ದೆವು, ಅಲ್ಲವೇ?

ನಮ್ಮ ನಡುವಿನ ಸಮರ್ಥನೆಗಳು ಮೂರು ಬಗೆಯವು. ಒಂದನೆಯದು, 'ಅವರು ಇದಕ್ಕಿಂತ ಕೆಟ್ಟದ್ದನ್ನು ಮಾಡುತ್ತಾರೆ.' ಹೌದು, ಮಾಡುತ್ತಾರೆ. ಅದೇ ಅಕ್ಟೋಬರ್–ನವೆಂಬರ್‌ನಲ್ಲಿ ವಿಜಯಪುರದ ರೈತರಿಗೆ ಬಂದ ವಕ್ಫ್ ನೋಟಿಸ್‌ಗಳನ್ನು ಹೇಗೆ ಬಳಸಲಾಯಿತು ಎಂಬುದನ್ನು ನೋಡಿದ್ದೇವೆ. ರೈತರ ಆತಂಕ ಸಹಜವಾಗಿತ್ತು. ನೋಟಿಸ್‌ಗಳನ್ನು ಹಿಂಪಡೆಯಲು ಮುಖ್ಯಮಂತ್ರಿಗಳೇ ಆದೇಶಿಸಬೇಕಾಯಿತು. ಆದರೆ ಪ್ರಚಾರ ಅಲ್ಲಿಗೆ ನಿಲ್ಲಲಿಲ್ಲ. ಹಾವೇರಿಯ ರೈತರೊಬ್ಬರ ಆತ್ಮಹತ್ಯೆಗೂ ವಕ್ಫೇ ಕಾರಣವೆಂಬ ಸುದ್ದಿಯನ್ನು ಸಂಸದ ತೇಜಸ್ವಿ ಸೂರ್ಯ ಹಂಚಿಕೊಂಡರು. ಆ ಸಾವು 2022ರ ಜನವರಿಯದ್ದು, ಕಾರಣ ಸಾಲ ಮತ್ತು ಬೆಳೆನಷ್ಟ ಎಂದು ಪೊಲೀಸರು ಸ್ಪಷ್ಟಪಡಿಸಿದ ಬಳಿಕ ಅವರು ಅದನ್ನು ಅಳಿಸಿದರು. ಅವರ ಮೇಲಿನ ಪ್ರಕರಣವನ್ನು ಹೈಕೋರ್ಟ್ ರದ್ದುಪಡಿಸಿತು. ಆದರೆ ಕಾನೂನಿನ ದೃಷ್ಟಿಯಲ್ಲಿ ಅಪರಾಧವಲ್ಲದ್ದೆಲ್ಲ ಸತ್ಯವಾಗಿಬಿಡುವುದಿಲ್ಲ. ಇಷ್ಟಾದರೂ ಪ್ರಶ್ನೆ ಉಳಿಯುತ್ತದೆ: ಅವರ ಸುಳ್ಳು ನಮ್ಮ ನಿಂದನೆಗೆ ಪರವಾನಿಗೆಯಾಗುವುದು ಹೇಗೆ?

ಎರಡನೆಯದು, 'ಕೊನೆಗೆ ಗೆದ್ದದ್ದು ನಾವೇ ತಾನೇ?' ಯೋಗೇಶ್ವರ್ 25,413 ಮತಗಳ ಅಂತರದಿಂದ ಗೆದ್ದರು. ಆದರೆ ಚುನಾವಣೆಗೆ ಮೂರು ವಾರಗಳ ಹಿಂದಿನವರೆಗೂ ಅವರು ಬಿಜೆಪಿಯಲ್ಲಿದ್ದರು ಎಂಬುದನ್ನು ಮರೆಯಬಾರದು. ಅಕ್ಟೋಬರ್ ತಿಂಗಳಿನಲ್ಲಿ ಅವರು ಪಕ್ಷ ಬದಲಿಸಿದರು, ನಮ್ಮ ನಿಂದೆಯ ದಿಕ್ಕೂ ಬದಲಾಯಿತು. ನಾಳೆ ಅವರೋ ಇವರೋ ಮತ್ತೊಮ್ಮೆ ಬದಲಾದರೆ? ಅಷ್ಟಕ್ಕೂ, ಗೆಲುವೇ ಪ್ರಮಾಣಪತ್ರವಾದರೆ 2024ರಲ್ಲಿ ಟ್ರಂಪ್ ಕೂಡಾ ಗೆದ್ದಿದ್ದಾರೆ. ನಾಯಿ-ಬೆಕ್ಕಿನ ಸುಳ್ಳನ್ನೂ ಹಾಗಾದರೆ ಒಪ್ಪಿಕೊಳ್ಳೋಣವೇ?

ಮೂರನೆಯದು ಅತ್ಯಂತ ಅಪಾಯಕಾರಿ: 'ಅವರು ನಮ್ಮ ನಾಯಕರು, ಬಹಿರಂಗವಾಗಿ ಟೀಕಿಸಿದರೆ ಸಮುದಾಯಕ್ಕೆ ಹಾನಿ.' ನಿಜವಾಗಿ, ಹಾನಿಯಾಗುವುದು ಟೀಕಿಸದಿದ್ದಾಗ. ಇದನ್ನು ಅರಿಯಲು ಎರಡು ಘಟನೆಗಳನ್ನು ನೆನಪಿಸಿಕೊಳ್ಳಬೇಕು. ಒಂದು ಅಮೇರಿಕದ್ದು, ಇನ್ನೊಂದು ನಮ್ಮ ನೆರೆಯ ಮಂಡ್ಯದ್ದು.

2008ರ ಚುನಾವಣೆಯಲ್ಲಿ ಬರಾಕ್ ಒಬಾಮ ಗುಪ್ತ ಮುಸ್ಲಿಮ್ ಎಂಬ ವದಂತಿಯನ್ನು ಹಬ್ಬಿಸಲಾಗಿತ್ತು. ಅಕ್ಟೋಬರ್ 10ರಂದು ಮಿನ್ನೆಸೋಟಾದ ಸಭೆಯೊಂದರಲ್ಲಿ ಮಹಿಳೆಯೊಬ್ಬರು, ಒಬಾಮ ಅರಬ್ ಆದುದರಿಂದ ತನಗೆ ನಂಬಿಕೆಯಿಲ್ಲ ಎಂದಾಗ, ಎದುರಾಳಿ ಜಾನ್ ಮೆಕೇನ್ ಅವರ ಕೈಯಿಂದ ಮೈಕನ್ನು ತೆಗೆದುಕೊಂಡು, ಹಾಗಲ್ಲ, ಆತ ಸಭ್ಯ ಕುಟುಂಬಸ್ಥ, ನಮ್ಮ ನಡುವೆ ಇರುವುದು ಭಿನ್ನಾಭಿಪ್ರಾಯ ಮಾತ್ರ ಎಂದರು. ಸಭೆ ಮೆಕೇನ್ ಅವರದ್ದು, ಜನ ಅವರ ಬೆಂಬಲಿಗರು, ವದಂತಿಯ ಲಾಭವೂ ಅವರದ್ದೇ. ಆದರೂ ತಡೆದರು. ಅವರ ಉತ್ತರದಲ್ಲಿಯೂ ಒಂದು ಕೊರತೆಯಿತ್ತು. ಅರಬ್ ಆದವನು ಸಭ್ಯನಾಗಿರಲಾರನೇ? ಆ ಕೊರತೆಯನ್ನು ತುಂಬಿದ್ದು ಅದೇ ರಿಪಬ್ಲಿಕನ್ ಪಕ್ಷದ ಕಾಲಿನ್ ಪೊವೆಲ್. ಒಬಾಮ ಕ್ರೈಸ್ತರು ನಿಜ, ಆದರೆ ಮುಸ್ಲಿಮರೇ ಆಗಿದ್ದರೆ ಅದರಲ್ಲಿ ತಪ್ಪೇನು ಎಂದು ಅಕ್ಟೋಬರ್ 19ರಂದು ಅವರು ದೂರದರ್ಶನದಲ್ಲಿ ಕೇಳಿದರು. 2003ರಲ್ಲಿ ಇರಾಕ್ ಆಕ್ರಮಣವನ್ನು ವಿಶ್ವಸಂಸ್ಥೆಯಲ್ಲಿ ಸಮರ್ಥಿಸಿದ ಕಳಂಕ ಪೊವೆಲ್ ಹೆಸರಿನಿಂದ ಅಳಿಯದು. ಆದರೆ ಸ್ವಪಕ್ಷದವರ ಸುಳ್ಳಿನ ಮುಂದೆ ಅಂದು ಅವರು ಮೌನವಹಿಸಲಿಲ್ಲ ಎಂಬುದೂ ಅಷ್ಟೇ ನಿಜ. ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು. ಅದೇ ವರ್ಷದ ಜೂನ್‌ನಲ್ಲಿ ಡೆಟ್ರಾಯಿಟ್‌ನ ಸಭೆಯಲ್ಲಿ, ಶಿರವಸ್ತ್ರ ಧರಿಸಿದ ಇಬ್ಬರು ಮುಸ್ಲಿಮ್ ಯುವತಿಯರು ಕ್ಯಾಮರಾಗೆ ಕಾಣುವಂತೆ ಒಬಾಮರ ಹಿಂದೆ ಕುಳಿತುಕೊಳ್ಳದಂತೆ ಅವರ ಕಾರ್ಯಕರ್ತರೇ ತಡೆದಿದ್ದರು. ಒಬಾಮ ಕ್ಷಮೆ ಯಾಚಿಸಿದರು. ವದಂತಿಗೆ ಗುರಿಯಾದವರ ಪಾಳಯವೂ ತಪ್ಪೆಸಗಬಲ್ಲುದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

ಇನ್ನು ಮಂಡ್ಯ. 2023ರ ವಿಧಾನಸಭಾ ಚುನಾವಣೆಗೆ ಮುನ್ನ, ಟಿಪ್ಪು ಸುಲ್ತಾನರನ್ನು ಕೊಂದದ್ದು ಉರಿಗೌಡ ಮತ್ತು ನಂಜೇಗೌಡ ಎಂಬ ಇಬ್ಬರು ಒಕ್ಕಲಿಗ ವೀರರೆಂಬ ಕಥೆಯನ್ನು ತೇಲಿಬಿಡಲಾಯಿತು. ಮಾರ್ಚ್‌ನಲ್ಲಿ ಪ್ರಧಾನಿಯ ಮಂಡ್ಯ ಭೇಟಿಯ ವೇಳೆ ಆ ಹೆಸರಿನ ಸ್ವಾಗತ ಕಮಾನು ಕಾಣಿಸಿಕೊಂಡಿತು. ಆಗ ಸಚಿವರಾಗಿದ್ದ ಮುನಿರತ್ನ ಅವರು ಸಿನಿಮಾ ಮಾಡಲು ಹೊರಟರು. ಉದ್ದೇಶ ಸ್ಪಷ್ಟವಿತ್ತು: ಹಳೆ ಮೈಸೂರಿನಲ್ಲಿ ಒಕ್ಕಲಿಗರನ್ನೂ ಮುಸ್ಲಿಮರನ್ನೂ ಎದುರುಬದುರು ನಿಲ್ಲಿಸುವುದು. ಅದನ್ನು ತಡೆದವರು ಯಾರು? ನಮ್ಮ ಯಾವ ಪ್ರತಿಭಟನೆಯೂ ಅಲ್ಲ. ಒಕ್ಕಲಿಗ ಸಮುದಾಯದ ಪೀಠವಾದ ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ ಆ ಸಚಿವರನ್ನು ಕರೆಸಿ ಮಾತಾಡಿದರು. ಸಿನಿಮಾದ ಯೋಜನೆ ಕೈಬಿಡಲ್ಪಟ್ಟಿತು. ಒಂದು ಸಮುದಾಯದ ಹೆಸರಲ್ಲಿ ಹೆಣೆದ ಸುಳ್ಳನ್ನು ಆ ಸಮುದಾಯದ ಗುರುವೇ ನಿಲ್ಲಿಸಿದರು. ನಾವು ಅಂದು ಅವರನ್ನು ಮನತುಂಬಿ ಮೆಚ್ಚಿದೆವು.

ಹಾಗಾದರೆ ಚನ್ನಪಟ್ಟಣದ ವೇದಿಕೆಯಲ್ಲಿ ಮೈಕನ್ನು ತೆಗೆದುಕೊಂಡ ನಮ್ಮ ಮೆಕೇನ್ ಎಲ್ಲಿ? ಸಚಿವರನ್ನು ಕರೆಸಿ ಇದು ತಪ್ಪೆಂದ ನಮ್ಮ ಹಿರಿಯರ ಧ್ವನಿ ಆ ತುಣುಕಿನಷ್ಟು ದೂರ ಏಕೆ ತಲುಪಲಿಲ್ಲ? ಪರರನ್ನು ಅಡ್ಡಹೆಸರಿನಿಂದ ಹಂಗಿಸುವುದನ್ನು ಸೂರಃ ಹುಜುರಾತ್ ನೇರವಾಗಿ ನಿಷೇಧಿಸಿದೆ ಎಂಬುದು ಮದ್ರಸದ ಮಗುವಿಗೂ ಗೊತ್ತು. ಅಲ್ಲಿ ಚುನಾವಣೆಗೆ ವಿನಾಯಿತಿ ಇಲ್ಲ.

ಈ ಮೌನದ ಬೆಲೆಯನ್ನು ತೆರುವವರು ನಾಯಕರಲ್ಲ. ಅವರು ನಾಳೆ ಒಂದೇ ಸೋಫಾದಲ್ಲಿ ಕುಳಿತಾರು. ಈಗ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾಗಿರುವ ಈ ರಾಮನಗರ ಜಿಲ್ಲೆಯ ಬದುಕು ನಿಂತಿರುವುದು ರೇಷ್ಮೆಯ ಎಳೆಯ ಮೇಲೆ. ಹಿಪ್ಪುನೇರಳೆ ಬೆಳೆದು ಗೂಡು ತರುವವರಲ್ಲಿ ಒಕ್ಕಲಿಗ ರೈತರು ಬಹಳ. ರಾಮನಗರದ ಮಾರುಕಟ್ಟೆಯಲ್ಲಿ ಅದನ್ನು ಕೊಂಡು ನೂಲು ತೆಗೆಯುವ ರೀಲರುಗಳಲ್ಲಿ ಮುಸ್ಲಿಮರು ಬಹಳ. ಒಬ್ಬನ ಗೂಡು ಇಲ್ಲದೆ ಇನ್ನೊಬ್ಬನ ಒಲೆ ಉರಿಯದು. ಈ ಸಂಬಂಧ ಯಾವ ಪಕ್ಷದ ಕೊಡುಗೆಯೂ ಅಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ವೇದಿಕೆಯಲ್ಲಿ ಆಡಿದ ಮಾತು ಮರುದಿನ ಬೆಳಗ್ಗೆ ಗೂಡಿನ ಹರಾಜಿನ ಜಾಗಕ್ಕೂ ತಲುಪುತ್ತದೆ. ಅಲ್ಲಿ ಗೌಡರ ಮುಖ ನೋಡಿ ವ್ಯವಹರಿಸಬೇಕಾದವನು ಸಚಿವನಲ್ಲ, ಬಡ ರೀಲರ್.

ಮತದಾರನನ್ನು ಕುಗ್ಗಿಸುವ ತಂತ್ರ ನಿಂದನೆಯೊಂದೇ ಅಲ್ಲ. 2024ರ ಜನವರಿ ಕೊನೆಯಲ್ಲಿ ಮಾಗಡಿಯ ಶಾಸಕ ಎಚ್.ಸಿ. ಬಾಲಕೃಷ್ಣ, ಲೋಕಸಭಾ ಚುನಾವಣೆಯಲ್ಲಿ ಮತ ಬಾರದಿದ್ದರೆ ಗ್ಯಾರಂಟಿಗಳನ್ನು ನಿಲ್ಲಿಸುವ ಬಗ್ಗೆ ಮಾತಾಡಿದರು. ಯೋಜನೆಗಳು ನಿಲ್ಲುವುದಿಲ್ಲವೆಂದು ಪಕ್ಷದ ನಾಯಕರು ಸ್ಪಷ್ಟನೆ ಕೊಡಬೇಕಾಯಿತು. ಅದೇ ವರ್ಷ ಅಮೇರಿಕದಲ್ಲಿ ಎಲಾನ್ ಮಸ್ಕ್, ತನ್ನ ಮನವಿಗೆ ಸಹಿ ಹಾಕಿದ ಮತದಾರರಿಗೆ ದಿನಕ್ಕೆ ಹತ್ತು ಲಕ್ಷ ಡಾಲರ್ ಹಂಚಿದರು. ಒಂದು ಬೆದರಿಕೆ, ಇನ್ನೊಂದು ಆಮಿಷ. ಮಸ್ಕ್ ಅವರ ಡಾಲರನ್ನು ಖಂಡಿಸಿದ ನಾವು, ಮಾಗಡಿಯ ಮಾತನ್ನು 'ನಮ್ಮ ಪಕ್ಷ' ಎಂಬ ಕಾರಣಕ್ಕೆ ನುಂಗಿಕೊಂಡೆವಾದರೆ ನಮ್ಮ ಖಂಡನೆಗೆ ಏನು ತೂಕ?

ನಾವು ಯಾರಿಗೆ ಮತ ಹಾಕಬೇಕೆಂದು ಇಲ್ಲಿ ಹೇಳುತ್ತಿಲ್ಲ. ಕೋಮುವಾದವನ್ನು ಸೋಲಿಸಬೇಕೆಂಬ ನಿಲುವಿನಲ್ಲಿ ನಮಗೆ ಸಂದೇಹವೂ ಇಲ್ಲ. ಆದರೆ ದ್ವೇಷದ ರಾಜಕೀಯದಿಂದ ಅತಿ ಹೆಚ್ಚು ನೊಂದ ಸಮುದಾಯಕ್ಕೆ, ನಿಂದನೆಗೆ ನಗುವ ಅಧಿಕಾರ ಎಲ್ಲರಿಗಿಂತ ಕಡಿಮೆಯಿದೆ. ನಾಳೆ ಪಂಚಾಯತ್ ಚುನಾವಣೆ ಬರಲಿ, ವಿಧಾನಸಭೆಯದ್ದೇ ಬರಲಿ, ಪ್ರತಿ ಊರಿನ ಜಮಾಅತ್ ಸಮಿತಿ ಪ್ರಚಾರಕ್ಕೆ ಬರುವ ನಾಯಕರಿಗೆ ಒಂದು ಮಾತನ್ನು ಮೊದಲೇ ತಿಳಿಸಲಿ: ನಮ್ಮ ಮೊಹಲ್ಲಾದಲ್ಲಿ ಯಾರ ಬಣ್ಣ, ಜಾತಿ, ಧರ್ಮವನ್ನೂ ಹಂಗಿಸಿ ಮತ ಕೇಳುವಂತಿಲ್ಲ. ಮಾತು ಮೀರಿದರೆ ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರು ಎದ್ದು ನಿಲ್ಲಲಿ. ಗುಡೇಮಾರನಹಳ್ಳಿಯ ಆ ಬೆಂಚಿನಲ್ಲಿಯೂ, ಅಂಥದ್ದೇ ತುಣುಕು ಮತ್ತೊಮ್ಮೆ ಬಂದಾಗ, ಕನಿಷ್ಠ ಒಬ್ಬನಾದರೂ ನಗದೆ, ಇದು ತಪ್ಪು ಎನ್ನಲಿ.