ಹೆಸರು ಹಿಡಿದು ಪ್ರಾರ್ಥಿಸೋಣ, ಎದ್ದು ರಾಸ್ ಅಲ್ ಖೋರ್‌ಗೆ ಹೋಗೋಣ

ದುಬೈಯ ಕನ್ನಡ ಕ್ರೈಸ್ತ ಕುಟುಂಬಗಳಿಗೆ ಒಂದು ವಿನಂತಿ



ರಾಸ್ ಅಲ್ ಖೋರ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಎರಡೇ: ಮಕ್ಕಳಿಗೆ ಫ್ಲೆಮಿಂಗೊ ತೋರಿಸುವ ಪಕ್ಷಿಧಾಮ, ಕಾರಿನ ಡೆಂಟಿಂಗ್-ಪೇಂಟಿಂಗ್‌ಗೆ ಹೋಗುವ ಗ್ಯಾರೇಜುಗಳ ಸಾಲು. ಅಲ್ಲಿ ಕಾರಿನಡಿ ಮಲಗಿ ಬೋಲ್ಟು ಬಿಚ್ಚುವ ಹುಡುಗ ಕುಂದಾಪುರದವನಿರಬಹುದು, ಬೀದರಿನವನಿರಬಹುದು, ನೇಪಾಳದವನೂ ಇರಬಹುದು. ಬಿಲ್ಲು ಕೊಟ್ಟು ಕೀ ತೆಗೆದುಕೊಂಡು ಬರುತ್ತೇವೆ, ಹೆಸರು ಕೇಳುವುದಿಲ್ಲ. ಭಾನುವಾರ ಮಾತ್ರ ‘ಕಷ್ಟದಲ್ಲಿರುವ ಎಲ್ಲರಿಗಾಗಿ’ ಎಂದು ಒಂದೇ ಉಸಿರಿನಲ್ಲಿ ಪ್ರಾರ್ಥಿಸಿ ಮುಗಿಸುತ್ತೇವೆ. ಇದು ಸಾಲದು ಎಂದು ಹೇಳಲೆಂದೇ ಈ ಕರಪತ್ರ.

2024ರ ಏಪ್ರಿಲ್ 16ರ ಮಳೆ ಯಾರಿಗೂ ಮರೆತಿಲ್ಲ. 1949ರಲ್ಲಿ ಇಲ್ಲಿ ದಾಖಲೆ ಇಡಲು ತೊಡಗಿದ ಮೇಲೆ ಅಂಥ ಮಳೆ ಬಂದದ್ದಿಲ್ಲ. ಆ ವಾರ ಅನ್ನ ಬೇಯಿಸಿ ಹಂಚಿದವರು, ಮನೆಯ ಬಾಗಿಲು ತೆರೆದಿಟ್ಟವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ದೇವರಿಗೆ ಸ್ತೋತ್ರ. ಆದರೆ ಅವಘಡದ ವಾರದಲ್ಲಿ ಓಡಾಡುವುದು ಸುಲಭ. ಸಂಬಳ ನಿಂತು ಮೂರು ತಿಂಗಳಾದವನ ಜೊತೆ ನಾಲ್ಕನೆಯ ತಿಂಗಳೂ ನಿಲ್ಲಲು ಉತ್ಸಾಹ ಸಾಕಾಗುವುದಿಲ್ಲ. ದಿನವೂ ಅವನ ಹೆಸರು ಹಿಡಿದು ಮೊಣಕಾಲೂರುವವನು ಮಾತ್ರ ಅವನನ್ನು ಮರೆಯಲಾರ.

ನೆಹೆಮೀಯನನ್ನು ನೋಡಿ. ಅವನೂ ಪರದೇಶದಲ್ಲಿ ದುಡಿಯುತ್ತಿದ್ದವನೇ. ಶೂಷನ್ ಅರಮನೆಯಲ್ಲಿ ಅರ್ತಷಸ್ತ ರಾಜನ ಪಾನಸೇವಕ. ಯೆರೂಸಲೇಮಿನ ಗೋಡೆ ಬಿದ್ದಿದೆ, ಬಾಗಿಲುಗಳು ಸುಟ್ಟುಹೋಗಿವೆ ಎಂಬ ಸುದ್ದಿ ಊರಿಂದ ಬಂತು. ಕುಳಿತು ಅತ್ತ, ಉಪವಾಸ ಮಾಡಿದ, ಸುಮಾರು ನಾಲ್ಕು ತಿಂಗಳು ಹಗಲೂ ಇರುಳೂ ಪ್ರಾರ್ಥಿಸಿದ. ಆಮೇಲೆ ಒಂದು ದಿನ ರಾಜನೇ ‘ಮುಖ ಯಾಕೆ ಬಾಡಿದೆ’ ಎಂದು ಕೇಳಿದಾಗ ಹೆದರಿಕೆಯಾಯಿತು. ನಿಂತಲ್ಲೇ ಮನಸ್ಸಿನೊಳಗೆ ಪ್ರಾರ್ಥಿಸಿ ಉತ್ತರ ಕೊಟ್ಟ. ಏನು ಕೇಳಿದ ಗೊತ್ತೇ? ರಜೆ. ನದಿಯಾಚೆಯ ಅಧಿಪತಿಗಳಿಗೆ ಪತ್ರ. ಮರ ಕೊಡುವಂತೆ ರಾಜನ ಅರಣ್ಯ ಕಾಯುವ ಆಸಾಫನಿಗೆ ಇನ್ನೊಂದು ಪತ್ರ. ಇಷ್ಟು ಖಚಿತವಾಗಿ ಕೇಳಲು ಅವನಿಗೆ ಬಂದದ್ದು ಆ ನಾಲ್ಕು ತಿಂಗಳ ಪ್ರಾರ್ಥನೆಯಿಂದ ಎಂದೇ ನಮ್ಮ ನಂಬಿಕೆ. ಪ್ರಾರ್ಥಿಸುತ್ತಾ ಹೋದವನಿಗೆ ಯಾರ ಬಳಿ ಏನು ಕೇಳಬೇಕೆಂಬುದು ತಿಳಿಯುತ್ತಾ ಹೋಗುತ್ತದೆ. ಗೋಡೆ ಎದ್ದದ್ದು 52 ದಿನಗಳಲ್ಲಿ.

‘ಪ್ರಾರ್ಥನೆಯಿಂದ ಹೊಟ್ಟೆ ತುಂಬುತ್ತದೆಯೇ’ ಎಂದು ನಮ್ಮ ಯುವಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಬಟ್ಟೆಯಿಲ್ಲದ, ಊಟವಿಲ್ಲದ ಸಹೋದರನನ್ನು ಬರೀ ಒಳ್ಳೆಯ ಮಾತು ಹೇಳಿ ಕಳುಹಿಸುವವರನ್ನು ಯಾಕೋಬನು ತನ್ನ ಪತ್ರಿಕೆಯಲ್ಲಿ ಖಂಡಿಸಿದ್ದಾನೆ. ಇತ್ತ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ ಓದಿ: ವಿಧವೆಯರಿಗೆ ದಿನದ ಊಟ ಹಂಚುವುದರಲ್ಲಿ ತಾರತಮ್ಯವಾಯಿತೆಂದು ದೂರು ಬಂದಾಗ ಏಳು ಮಂದಿಯನ್ನು ಆರಿಸಿದರು, ಊಟ ಬಡಿಸುವ ಕೆಲಸಕ್ಕೂ ಪ್ರಾರ್ಥಿಸಿ, ತಲೆಯ ಮೇಲೆ ಕೈಯಿಟ್ಟೇ ನೇಮಿಸಿದರು. ನಮ್ಮೂರಿನಲ್ಲೂ ಹೀಗೆಯೇ ಆಗಿದೆ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಹೋಮಿಯೋಪತಿ ಔಷಧ ಕೊಡತೊಡಗಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದ ಫಾದರ್ ಆಗಸ್ಟಸ್ ಮುಲ್ಲರ್ ಯೇಸುಸಭೆಯ ಪಾದ್ರಿ. ದಿನದಿನದ ಪ್ರಾರ್ಥನೆ, ಆತ್ಮಪರಿಶೋಧನೆ ಆ ಸಭೆಯ ಕಟ್ಟುನಿಟ್ಟು. ಅವರ ಹೆಸರಿನ ಇಂದಿನ ದೊಡ್ಡ ಆಸ್ಪತ್ರೆಗೆ ಬೇರು ಅಲ್ಲಿದೆ.

ಒಂದು ಎಚ್ಚರಿಕೆಯ ಮಾತು. ಈ ನಾಡು ನಮಗೆ ಆರಾಧನೆಗೆ ಜಾಗ ಕೊಟ್ಟಿದೆ. 1967ರಲ್ಲಿ ಸೇಂಟ್ ಮೇರೀಸ್ ಚರ್ಚ್ ಎದ್ದದ್ದು ದುಬೈಯ ಅಂದಿನ ಅರಸ ಶೇಖ್ ರಶೀದ್ ಕೊಟ್ಟ ನೆಲದಲ್ಲಿ. ಅನುಮತಿಯಿಲ್ಲದೆ ಹಣ ಎತ್ತುವುದು, ಅನ್ಯಧರ್ಮದವರಲ್ಲಿ ಮತಪ್ರಚಾರ ಮಾಡುವುದು ಇಲ್ಲಿ ಕಾನೂನಿಗೆ ವಿರುದ್ಧ. ಈ ಕರಪತ್ರವನ್ನು ಚರ್ಚಿನ ಆವರಣದೊಳಗೆ ನಮ್ಮವರಿಗೆ ಮಾತ್ರ ಕೊಡಿ, ಗ್ಯಾರೇಜುಗಳಿಗೆ ಒಯ್ಯಬೇಡಿ. ಕಾನೂನಿನ ಮಾತು ಹಾಗಿರಲಿ, ಸಂಕಟದಲ್ಲಿರುವವನ ಮುಂದೆ ಸಹಾಯವನ್ನು ಗಾಳದ ಹುಳುವಿನಂತೆ ಒಡ್ಡುವುದು ಕರ್ತನಿಗೆ ಮೆಚ್ಚುಗೆಯಾಗದು. ಅವನು ಮುಸ್ಲಿಮನಾಗಲಿ, ಹಿಂದುವಾಗಲಿ, ಅವನಿಗಾಗಿ ನಮ್ಮ ಮನೆಯಲ್ಲಿ ಪ್ರಾರ್ಥಿಸಲು ಅವನು ನಮ್ಮವನಾಗಬೇಕಿಲ್ಲ.

ಹಾಗಾದರೆ ಕೊಡಲು ಏನಿದೆ? ಸಮಯವಿದೆ. ಬಂಕ್ ಮಂಚದ ಕೆಳಗಿನ ಹಾಸಿಗೆಗೆ ಬೆಡ್‌ಶೀಟನ್ನೇ ಪರದೆ ಕಟ್ಟಿ, ದಿಂಬಿನ ಪಕ್ಕ ಚಾರ್ಜರು, ಕಾಲಬಳಿ ಸೂಟ್‌ಕೇಸು ಇಟ್ಟುಕೊಂಡು ಬದುಕುವವನಿಗೆ ತನ್ನ ಭಾಷೆಯಲ್ಲಿ ಒಂದು ಗಂಟೆ ಮಾತಾಡುವವರು ಸಿಕ್ಕರೆ ಅದು ಸಣ್ಣದಲ್ಲ. ಸಂಬಳದ ತಕರಾರಿದ್ದರೆ ಮಾನವ ಸಂಪನ್ಮೂಲ ಸಚಿವಾಲಯಕ್ಕೆ ದೂರು ಬರೆಯಲು ನೆರವಾಗಿ. ಭಾರತೀಯ ದೂತಾವಾಸದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಫೋನು ಹಚ್ಚಿಕೊಡಿ. ಆಸ್ಪತ್ರೆಯಲ್ಲಿದ್ದರೆ ಗಂಜಿ ಒಯ್ಯಿರಿ.

ನಾಲ್ಕೈದು ಮನೆಯವರು ಸೇರಿ ಒಂದು ನೋಟ್‌ಪುಸ್ತಕ ಇಡಿ. ಭೇಟಿಯಾದವರ ಹೆಸರು ಮಾತ್ರ ಬರೆಯಿರಿ. ಅವರ ಕಷ್ಟದ ಕಥೆ ವಾಟ್ಸಾಪ್‌ಗೆ ಹೋಗದಿರಲಿ, ಫೋಟೊ ಬೇಡವೇ ಬೇಡ. ಬೆಳಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಪ್ರತಿ ಮನೆಯಲ್ಲೂ ಆ ಹೆಸರುಗಳನ್ನು ಗಟ್ಟಿಯಾಗಿ ಓದಿ ಪ್ರಾರ್ಥನೆಯಾಗಲಿ, ಮಕ್ಕಳೂ ಕುಳಿತಿರಲಿ. ವಾರಕ್ಕೊಮ್ಮೆ ಇಬ್ಬರಿಬ್ಬರಾಗಿ ಭೇಟಿಗೆ ಹೋಗಿ. ಒಬ್ಬನ ಸಮಸ್ಯೆ ಬಗೆಹರಿಯಿತೆಂದು ಹೆಸರು ಹೊಡೆದುಹಾಕಬೇಡಿ, ಅವನು ಊರು ಸೇರಿದ ಮೇಲೂ ತಿಂಗಳಿಗೊಮ್ಮೆ ಫೋನು ಮಾಡಿ ವಿಚಾರಿಸಿ. ಸಭಾಪಾಲಕರಿಗೆ ತಿಳಿಸಿ, ಬರುವ ವಾರದಿಂದಲೇ ತೊಡಗಿ.