ವಂಶವೃಕ್ಷದಲ್ಲಿ ಬರೆಯದ ಹೆಸರುಗಳು

ಜಮೀನಿನ ಪೌತಿಖಾತೆಯಾಗಬೇಕಾದರೆ ವಂಶವೃಕ್ಷವನ್ನು ಒದಗಿಸಬೇಕೆಂಬುದು ಗೃಹಸ್ಥರೆಲ್ಲರಿಗೂ ತಿಳಿದ ವಿಷಯವೇ ಆಗಿದೆ. 2008ರಲ್ಲಿ ವಿಮಾನನಿಲ್ದಾಣವು ಬಂದ ಮೇಲಂತೂ ದೇವನಹಳ್ಳಿಯ ಸೀಮೆಯಲ್ಲಿ ಈ ಕಾಗದವನ್ನು ಜೋಪಾನವಾಗಿಟ್ಟುಕೊಳ್ಳದ ಮನೆಯೇ ವಿರಳವೆನ್ನಬಹುದು. ಅದನ್ನು ಬಿಡಿಸಿ ನೋಡಲಾಗಿ, ಮೇಲೆ ಮುತ್ತಜ್ಜನ ಹೆಸರು, ಕೆಳಗೆ ಅವನ ಮಕ್ಕಳು, ಮೊಮ್ಮಕ್ಕಳು. ಈಚಿನ ತಲೆಗಳಲ್ಲಿ ಹೆಣ್ಣುಮಕ್ಕಳ ಹೆಸರುಗಳೂ ಸೇರಿರುವುವಾದರೂ, ಮುತ್ತಜ್ಜಿಯ ತಾಯಿ ಯಾರೆಂಬುದಕ್ಕೆ ಅಲ್ಲಿ ಸ್ಥಳವಿಲ್ಲ. ಮೂರು ನಾಲ್ಕು ತಲೆಗಳಾಚೆಗೆ ಕಾಗದವೂ ನಿಲ್ಲುತ್ತದೆ, ನೆನಪೂ ನಿಲ್ಲುತ್ತದೆ. ಅದಕ್ಕೂ ಹಿಂದೆ ನಾವು ಯಾರು, ಎಲ್ಲಿಂದ ಬಂದವರು ಎಂಬುದನ್ನು ಈ ತಿಂಗಳು ಸ್ವಲ್ಪ ವಿಚಾರಿಸೋಣ.

ಮೊದಲು ನೆಲವನ್ನೇ ಕೇಳಬಹುದು. ನೆಲಮಂಗಲಕ್ಕೆ ಬಹಳ ದೂರವಲ್ಲದ ಜಾಲಹಳ್ಳಿಯಲ್ಲಿ ಬೆಣಚುಕಲ್ಲಿನ ಅತಿ ಚಿಕ್ಕ ಆಯುಧಗಳು ದೊರೆತ ಸಂಗತಿಯನ್ನು ಟಾಡ್ ಎಂಬವರು 1948ರಲ್ಲಿ ಪ್ರಕಟಿಸಿದರು. ಇವು ನಮ್ಮಂತಹ ಮನುಷ್ಯರ ಕೈಕೆಲಸವೇ ಸರಿ. ತುಮಕೂರಿನ ಮೇಲೆ ತಿಪಟೂರಿನ ಕಡೆಗೆ ಹೋದರೆ, ಕಿಬ್ಬನಹಳ್ಳಿಯಲ್ಲಿ ಇವಕ್ಕಿಂತ ಬಹು ಪ್ರಾಚೀನವಾದ, ಮುಷ್ಟಿತುಂಬ ಹಿಡಿಯುವಂತಹ ಕಲ್ಲಿನ ಉಪಕರಣಗಳು ಸಿಕ್ಕಿವೆ. ಇನ್ನು ಯಾದಗಿರಿ ಜಿಲ್ಲೆಯ ಹುಣಸಗಿಯ ಬಳಿ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪದ್ದಯ್ಯನವರು ಅಗೆದು ತೋರಿಸಿದ ಕಲ್ಲೊಡೆಯುವ ಕಾರ್ಖಾನೆಯ ಮಾತೇ ಬೇರೆ. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿ ಅದರ ವಯಸ್ಸು ಸುಮಾರು 12 ಲಕ್ಷ ವರ್ಷವೆಂದು ಲೆಕ್ಕಹಾಕಿದ್ದಾರೆ.

ಇವರೆಲ್ಲರೂ ನಮ್ಮ ಪೂರ್ವಜರೆಂದು ಹೆಮ್ಮೆಪಡಲು ಹೊರಟರೆ ಒಂದು ತೊಡಕುಂಟು. ಇಸಾಂಪುರದಲ್ಲಿ ಕಲ್ಲೊಡೆಯುತ್ತಿದ್ದಾಗ ನಮ್ಮ ಜಾತಿಯ ಮನುಷ್ಯನು ಭೂಮಿಯ ಮೇಲೆ ಹುಟ್ಟಿಯೇ ಇರಲಿಲ್ಲ. ಅಲ್ಲಿದ್ದವರು ಎರಡು ಕಾಲಿನ ಮೇಲೆ ನಡೆಯುತ್ತಿದ್ದ ಬೇರೊಂದು ಬಗೆಯ ಮಾನವರು; ನಮಗೆ ದಾಯಾದಿಗಳೆನ್ನೋಣ. (ಮನುಷ್ಯನು ಕೋತಿಯಿಂದಾದನಂತೆ ಎಂದು ಹಾಸ್ಯಮಾಡುವವರೂ ಈ ದಾಯಾದಿತನವನ್ನೇ ಮರೆಯುತ್ತಾರೆ. ಚಿಂಪಾಂಜಿಯು ನಮ್ಮ ಅಜ್ಜನಲ್ಲ. ಸುಮಾರು 60–70 ಲಕ್ಷ ವರ್ಷಗಳ ಹಿಂದೆ ಪಾಲಾಗಿ ಹೋದ ಮನೆಯವನು.) ಕಲ್ಲು ಉಳಿದರೂ ಎಲುಬು ನಮ್ಮ ಕೆಮ್ಮಣ್ಣಿನಲ್ಲಿ ಬಹುಕಾಲ ಉಳಿಯುವುದಿಲ್ಲವಾದ್ದರಿಂದ, ಉತ್ತರವನ್ನು ಬೇರೆ ಕಡೆ ಹುಡುಕಬೇಕಾಯಿತು.

ನಮ್ಮ ಜಾತಿಯವೆಂದು ಹೇಳಬಹುದಾದ ಅತಿ ಹಳೆಯ ಎಲುಬುಗಳು ಆಫ್ರಿಕ ಖಂಡದವು. ಮೊರಾಕೊ ದೇಶದ ಜೆಬೆಲ್ ಇರ್ಹೂದಿನಲ್ಲಿ ಸಿಕ್ಕವುಗಳಿಗೆ ಸುಮಾರು 3 ಲಕ್ಷ ವರ್ಷವಾಗಿದೆಯೆಂದು 2017ರಲ್ಲಿ ತಿಳಿದುಬಂತು. ಆದರೆ ಇನ್ನೂ ಸ್ವಾರಸ್ಯವಾದ ಸಾಕ್ಷಿಯು ದೊರೆತುದು ಎಲುಬಿನಲ್ಲಲ್ಲ, ಹೆರಿಗೆಯ ಮಾಸಿನಲ್ಲಿ. ನಮ್ಮ ಹಳ್ಳಿಗಳಲ್ಲಿ ಗುಣಿ ತೋಡಿ ಹೂಳುತ್ತಿದ್ದ ಆ ಮಾಸನ್ನು ಅಮೆರಿಕದಲ್ಲಿ ರೆಬೆಕಾ ಕ್ಯಾನ್, ಸ್ಟೋನ್‌ಕಿಂಗ್, ವಿಲ್ಸನ್ ಎಂಬ ಮೂವರು ವಿಜ್ಞಾನಿಗಳು ಸಂಗ್ರಹಿಸಿದರು. ಜೀವಕೋಶದೊಳಗೆ ಮೈಟೊಕಾಂಡ್ರಿಯವೆಂಬ ಸೂಕ್ಷ್ಮ ಅಂಗಗಳುಂಟು. ಅವುಗಳಿಗೆ ತಮ್ಮದೇ ಆದ ಡಿ.ಎನ್.ಎ. ಇದೆ. ಅದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ಗಂಡುಮಕ್ಕಳು ಅದನ್ನು ಪಡೆಯುತ್ತಾರೆಯೇ ಹೊರತು ಮುಂದಿನವರಿಗೆ ಕೊಡಲಾರರು. ನಾನಾ ಜನಾಂಗಗಳ 147 ಮಂದಿಯ ಈ ಡಿ.ಎನ್.ಎ.ಯನ್ನು ಹೋಲಿಸಿ ನೋಡಿದಾಗ, ಎಲ್ಲ ಕವಲುಗಳೂ ಸುಮಾರು 2 ಲಕ್ಷ ವರ್ಷಗಳ ಹಿಂದೆ ಆಫ್ರಿಕದಲ್ಲಿದ್ದ ಒಬ್ಬ ತಾಯಿಯಲ್ಲಿ ಸೇರಿದುವು. ಈ ಫಲಿತಾಂಶವು 1987ರಲ್ಲಿ ಪ್ರಕಟವಾಯಿತು.

ಹಾಗಾದರೆ ಆಗ ಪ್ರಪಂಚದಲ್ಲಿ ಒಬ್ಬಳೇ ಹೆಂಗಸಿದ್ದಳೇ ಎಂದು ವಾಚಕರು ಕೇಳಬಹುದು. ಹಾಗಲ್ಲ. ಒಬ್ಬಾಕೆಗೆ ಗಂಡುಮಕ್ಕಳೇ ಹುಟ್ಟಿದರೆಂದು ಭಾವಿಸೋಣ. ಮನೆತನವು ಬೆಳೆಯಿತೆಂದು ಊರವರು ಸಂತೋಷಪಡುತ್ತಾರೆ. ಆದರೆ ಆಕೆಯ ಮೈಟೊಕಾಂಡ್ರಿಯದ ಎಳೆಯು ಅಲ್ಲಿಗೇ ಮುಗಿಯಿತು. ಹೀಗೆ ತಲೆತಲಾಂತರಗಳಲ್ಲಿ ಒಂದೊಂದೇ ಎಳೆಯು ಕಡಿದುಹೋಗಿ, ಅಂದಿನ ಅನೇಕ ತಾಯಂದಿರಲ್ಲಿ ಒಬ್ಬಳದು ಮಾತ್ರ ಇಂದಿನವರೆಗೆ ಸಾಗಿಬಂದಿದೆ. ಹೆಣ್ಣು ಹುಟ್ಟಿದರೆ ವಂಶ ನಿಂತಿತೆಂದು ಮುಖ ಸಣ್ಣಗೆ ಮಾಡಿಕೊಳ್ಳುವವರಿಗೆ ಈ ಸಂಗತಿಯನ್ನು ಓದಿಹೇಳಬೇಕು.

ಆಫ್ರಿಕದಿಂದ ಹೊರಟ ಎಳೆಗಳಲ್ಲಿ ‘ಎಂ’ ಎಂದು ಗುರುತಿಟ್ಟ ಕವಲು ನಮ್ಮ ದಕ್ಷಿಣದೇಶದ ಬಹುಪಾಲು ಜನರಲ್ಲಿದೆ. ಅದರ ವಯಸ್ಸನ್ನು 50–60 ಸಾವಿರ ವರ್ಷವೆಂದು ಎಣಿಸುತ್ತಾರೆ. ಒಂದು ತಲೆಗೆ 25 ವರ್ಷ ಹಿಡಿದರೆ, ನಮ್ಮ ಮನೆಯ ಮಗುವಿಗೂ ಆ ಮೂಲತಾಯಿಗೂ ನಡುವೆ ಎರಡು ಸಾವಿರಕ್ಕೆ ಮೇಲ್ಪಟ್ಟ ತಾಯಂದಿರು.

ದಾರಿಯಲ್ಲಿ ಬೆರಕೆಯೂ ಆಯಿತು. ನಿಯಾಂಡರ್ತಾಲ್ ಎಂಬ ದಾಯಾದಿ ಮಾನವರ ಅಂಶವು, ಆಫ್ರಿಕದಿಂದ ಹೊರಗೆ ನೆಲೆಸಿದ ಜನರೆಲ್ಲರಲ್ಲಿ, ನಮ್ಮನ್ನೂ ಸೇರಿಸಿ, ನೂರಕ್ಕೆ ಸುಮಾರು 2 ಪಾಲು ಇದೆ. ಇದನ್ನು 2010ರಲ್ಲಿ ಸ್ವಾಂತೆ ಪಾಬೊ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಹುಮಾನವು ಸಂದಿತು.

ಮದುವೆಯ ಮಾತಿನಲ್ಲಿ ಗೋತ್ರ, ಬೆಡಗುಗಳನ್ನು ವಿಚಾರಿಸುವ ಹಿರಿಯರು ಗಮನಿಸಬೇಕಾದ ಇನ್ನೊಂದು ಶೋಧನೆಯುಂಟು. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯವರೂ ಅಮೆರಿಕದ ಹಾರ್ವರ್ಡಿನವರೂ ಕೂಡಿ 70ಕ್ಕೂ ಹೆಚ್ಚು ಸಮುದಾಯಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದಂತೆ, ಸುಮಾರು 4,200 ವರ್ಷಗಳಿಂದ 1,900 ವರ್ಷಗಳ ಹಿಂದಿನವರೆಗೆ ಈ ದೇಶದ ಜನರು ಮೇಲುಕೀಳೆನ್ನದೆ ಧಾರಾಳವಾಗಿ ಬೆರೆತರು. ಸ್ವಜಾತಿಯೊಳಗಣ ವಿವಾಹದ ಬಿಗಿಯು ಆ ತರುವಾಯದ್ದು. ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿಯೂ ಹೊಸಕೋಟೆಯ ಒಕ್ಕಲುಮನೆಯಲ್ಲಿಯೂ ಇರುವ ಇಬ್ಬರು ಅಜ್ಜಿಯರು ಒಬ್ಬರ ಮನೆಯಲ್ಲೊಬ್ಬರು ಉಂಡವರಲ್ಲದಿದ್ದರೂ, ಪರೀಕ್ಷಿಸಿ ನೋಡಿದರೆ ‘ಎಂ’ ಕವಲಿನ ಒಂದೇ ಕೊಂಬೆಯವರಾಗಿರುವುದು ಅಸಂಭವವೇನೂ ಅಲ್ಲ.